ಒಂದೇ ಪಟ್ಟಿಯ ಉಕ್ಕು, ಎರಡು ಥರದ ದೂರು: ಶ್ರೀನಿವಾಸಪುರದ ಕಸಿ ಚಾಕುಗಳು

ಶ್ರೀನಿವಾಸಪುರದ ಕಡೆ ಮಾವಿನ ನರ್ಸರಿಯವರಿಗೆ ಮುಂಗಾರು ಅಂದರೆ ಕಸಿ ಕಟ್ಟುವ ಕಾಲ. ಗಾಳಿಯಲ್ಲಿ ತೇವ ಇರುವಾಗ ಕಟ್ಟಿದ ಕಸಿ ಚೆನ್ನಾಗಿ ಕೂಡುತ್ತದೆ. ಹಾಗಾಗಿ ಜೂನ್ ಬಂತೆಂದರೆ ಕಸಿ ಕಟ್ಟುವವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಅಂಥ ಒಂದು ನರ್ಸರಿಯವರು ಬೇಸಿಗೆಯ ಕೊನೆಗೆ ಪಕ್ಕದ ಊರಿನ ಕುಲುಮೆಗೆ ಹೋಗಿ 40 ಕಸಿ ಚಾಕು ಮಾಡಿಕೊಡಲು ಹೇಳಿದರು. ಅಂಗಡಿಯಲ್ಲಿ ಸಿಗುವ ಚಾಕುಗಳ ಬಾಯಿ ಮಧ್ಯಾಹ್ನದೊಳಗೆ ಹೋಗುತ್ತದೆ, ದಿನವಿಡೀ ಮಸೆಯುತ್ತಾ ಕೂತರೆ ಕೆಲಸ ಯಾವಾಗ ಎನ್ನುವುದು ಅವರ ತಕರಾರು.

ಕುಲುಮೆಯ ಆಚಾರ್ರು ಹಳೆಯ ಕೈ. ಕುಡುಗೋಲು, ಮಚ್ಚು, ಈಳಿಗೆಮಣೆಯ ಅಲಗು ಎಲ್ಲಾ ಅವರ ಕೈಯಲ್ಲಿ ಆದವು. ಮಗ ಡಿಪ್ಲೊಮಾ ಮಾಡಿ, ನರಸಾಪುರದ ಕಡೆ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದು, ಈಗ ಊರಿಗೆ ಬಂದು ಉಕ್ಕು ಉಜ್ಜುವ ಬೆಲ್ಟ್ ಗ್ರೈಂಡರ್ ಹಾಕಿಕೊಂಡಿದ್ದಾನೆ. ಈ ಸಲ ಲಾರಿ ಪಟ್ಟೆ (ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ) ಬೇಡ, ಟೂಲ್ ಸ್ಟೀಲ್‌ನಲ್ಲೇ ಮಾಡೋಣ ಎಂದವನೂ ಅವನೇ. ಬೆಂಗಳೂರಿನಿಂದ 3 ಮಿ.ಮೀ. ದಪ್ಪದ ಓಎಚ್‌ಎನ್‌ಎಸ್ ಪಟ್ಟಿ ತಂದರು. ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವ ಉಕ್ಕು ಇದು. ಹೊರದೇಶದ ಪಟ್ಟಿಗಳಲ್ಲಿ ಓ1 ಎಂದು ಬರುತ್ತದಲ್ಲ, ಹೆಚ್ಚು ಕಡಿಮೆ ಅದೇ ಜಾತಿ. ಇಂಗಾಲ ಸುಮಾರು 0.9 ಶೇಕಡಾ, ಮ್ಯಾಂಗನೀಸ್ 1 ಶೇಕಡಾದ ಆಸುಪಾಸು, ಜೊತೆಗೆ ಅರ್ಧರ್ಧ ಶೇಕಡಾ ಕ್ರೋಮಿಯಂ, ಟಂಗ್‌ಸ್ಟನ್. ತೆಳು ಬಾಯಿಗೆ ಒಳ್ಳೆಯ ಆಯ್ಕೆ. ತುಕ್ಕು ಹಿಡಿಯುತ್ತದೆ, ಮಾವಿನ ಸೊನೆ ತಾಗಿದರೆ ಕಪ್ಪಾಗುತ್ತದೆ, ಆದರೆ ಒರೆಸಿಟ್ಟರೆ ತೊಂದರೆ ಇಲ್ಲ.

ಚಾಕು ಕೊಟ್ಟು ಹದಿನೈದು ದಿನ ಕಳೆಯುವುದರೊಳಗೆ ನರ್ಸರಿಯವರು ಒಂದು ಚೀಲ ತಂದು ಅಡಿಗಲ್ಲಿನ ಪಕ್ಕ ಸುರಿದರು. "ಏನ್ ಆಚಾರ್ರೇ, ಇದು ಚಾಕಾ, ಗರಗಸಾನಾ?" ಅಂದರಂತೆ. 11 ಚಾಕುಗಳ ಬಾಯಲ್ಲಿ ಹಲ್ಲು ಬಿದ್ದಿತ್ತು. ಅಂದರೆ ಅಲ್ಲಲ್ಲಿ ಚೂರು ಹಾರಿಹೋಗಿತ್ತು. ಇನ್ನು 9 ಚಾಕುಗಳಲ್ಲಿ ಚೂರು ಹಾರಿರಲಿಲ್ಲ, ಬಾಯಿ ಒಂದು ಕಡೆಗೆ ಮಡಚಿಕೊಂಡಿತ್ತು. ಉಳಿದ 20ರ ಬಗ್ಗೆ ದೂರಿಲ್ಲ.

ನಾನು ಟೂಲ್ ರೂಮಿನಲ್ಲಿ ಹೀಟ್ ಟ್ರೀಟ್‌ಮೆಂಟ್, ಅಂದರೆ ಉಕ್ಕನ್ನು ಕಾಯಿಸಿ ಆರಿಸಿ ಬೇಕಾದ ಗಡಸುತನಕ್ಕೆ ತರುವ ಕೆಲಸ, ನೋಡಿಕೊಳ್ಳುವವನು. ಮಗನ ಪರಿಚಯದಿಂದ ಈ ಚೀಲ ನನ್ನ ಮುಂದೆ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ದೂರುಗಳ ಸಂಖ್ಯೆ ಅಲ್ಲ, ಅವುಗಳ ಜಾತಿ. ಹಲ್ಲು ಬೀಳುವುದು ಪೆಡಸಾದ ಉಕ್ಕಿನ ಲಕ್ಷಣ. ಮಡಚುವುದು ಮೆತ್ತಗಾದ ಉಕ್ಕಿನದು. ಒಂದೇ ಪಟ್ಟಿ, ಒಂದೇ ಕುಲುಮೆ, ಒಂದೇ ಕೈ. ಎರಡೂ ಹೇಗೆ ಬಂದವು?

ಉಕ್ಕಿನ ಮೇಲೆ ಅನುಮಾನ

ಎಲ್ಲರೂ ಮೊದಲು ಬೈದದ್ದು ಉಕ್ಕಿನ ಅಂಗಡಿಯವನನ್ನು. ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ ಅಂತ. ಈ ಅನುಮಾನ ತೀರಿಸುವುದು ಸುಲಭವಾಗಿತ್ತು, ಏಕೆಂದರೆ ಅದೇ ಪಟ್ಟಿಯ ಗೇಣುದ್ದದ ತುಂಡು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ನಮ್ಮ ಮಫಲ್ ಫರ್ನೇಸಿನಲ್ಲಿ (ಬಿಸಿಯನ್ನು ಅಳತೆಗೆ ನಿಲ್ಲಿಸುವ ಮುಚ್ಚಿದ ಒಲೆ) 800 ಡಿಗ್ರಿಗೆ ಕಾಯಿಸಿ, ಅಲ್ಲೇ ಹತ್ತು ನಿಮಿಷ ಇಟ್ಟು, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದೆ. ಹದ ಇಳಿಸದೆ, ಅಂದರೆ ಪೆಡಸು ತಗ್ಗಲೆಂದು ಮತ್ತೆ ಸ್ವಲ್ಪ ಕಾಯಿಸದೆ, ಹಾಗೇ ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದರೆ ಠಕ್ಕನೆ ಮುರಿಯಿತು. ಮುರಿದ ಮುಖ ಒಂದೇ ಸಮನಾದ ಮಾಸಲು ಬೂದು, ಕಣ್ಣಿಗೆ ಕಣವೇ ಕಾಣದು. ಒಳ್ಳೆಯ ಉಕ್ಕು, ಸರಿಯಾಗಿ ಗಡಸಾದರೆ ಹೀಗೇ ಇರಬೇಕು.

ಆಮೇಲೆ ಹಲ್ಲು ಬಿದ್ದ ಚಾಕುವೊಂದನ್ನು ಮುರಿದೆವು. ಮುರಿದ ಮುಖವನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿದರೆ ಸಕ್ಕರೆ ಹರಳಿನ ಹಾಗೆ ಮಿಣಮಿಣ. ಲೆನ್ಸ್ ಬೇಕಾಗಲಿಲ್ಲ. ಆಚಾರ್ರು ಎರಡೂ ತುಂಡುಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅಂಗಡಿಯವನ ವಿಷಯ ಅಲ್ಲಿಗೆ ಮುಗಿಯಿತು.

ಹರಳು ದಪ್ಪವಾಗುವುದು ಹೀಗೆ: ಉಕ್ಕು ಕಾದಾಗ ಒಳಗೆ ಸಣ್ಣಸಣ್ಣ ಕಣಗಳು ಹುಟ್ಟುತ್ತವೆ. ಇಂಗಾಲ ಬೇರೆ ಲೋಹಗಳ ಜೊತೆ ಸೇರಿ ಆದ ಗಟ್ಟಿ ಚುಕ್ಕೆಗಳು, ಕಾರ್ಬೈಡ್‌ಗಳು, ಕಣಗಳ ಗಡಿಯಲ್ಲಿ ಕೂತು ಅವು ಬೆಳೆಯದಂತೆ ತಡೆಯುತ್ತವೆ. ಈ ಉಕ್ಕಿಗೆ 790ರಿಂದ 815 ಡಿಗ್ರಿ ಸರಿಯಾದ ಬಿಸಿ. ಅದನ್ನು ಬಹಳ ದಾಟಿದರೆ ಆ ಚುಕ್ಕೆಗಳು ಕರಗಿಹೋಗುತ್ತವೆ. ತಡೆಯುವವರಿಲ್ಲದೆ ಕಣಗಳು ಒಂದನ್ನೊಂದು ನುಂಗಿ ಬೆಳೆಯುತ್ತವೆ. ಬಾಯಿಯ ತುದಿಯಲ್ಲಿ ಕೂದಲೆಳೆಯಷ್ಟು ದಪ್ಪವಿರುವ ಜಾಗದಲ್ಲಿ ಇಂಥ ದಪ್ಪ ಕಣಗಳು ಬಂದು ಕೂತರೆ ಗಡಿಯಲ್ಲಿ ಬಿಟ್ಟುಕೊಳ್ಳುತ್ತವೆ. ಅದೇ ಹಲ್ಲು.

ಮಜಾ ಅಂದರೆ, ಗಡಸುತನ ಅಳೆಯುವ ರಾಕ್‌ವೆಲ್ ಮಿಷನ್ನಿನಲ್ಲಿ ಎಲ್ಲಾ ಚಾಕುಗಳೂ 60–61 ಎಚ್‌ಆರ್‌ಸಿ ತೋರಿಸಿದವು. ಹಲ್ಲು ಬಿದ್ದದ್ದೂ, ಮಡಚಿದ್ದೂ, ಚೆನ್ನಾಗಿದ್ದದ್ದೂ. ಮಗ ಆ ಕಾಗದ ಹಿಡಿದುಕೊಂಡು "ನಮ್ಮ ಕಡೆ ತಪ್ಪಿಲ್ಲ ಅಲ್ವಾ ಸಾರ್" ಎಂದ. ಆದರೆ ಮಿಷನ್ನಿನ ವಜ್ರದ ಮೊನೆ ಒತ್ತಿದ್ದು ಚಾಕುವಿನ ಬೆನ್ನಿನ ಮೇಲೆ. ಸಪಾಟಾದ, ದಪ್ಪವಿರುವ ಜಾಗವೇ ಅದಕ್ಕೆ ಬೇಕು. ತೆಳು ಅಂಚಿನಲ್ಲಿ ಒತ್ತಿದರೆ ಬರುವ ನಂಬರಿಗೆ ಬೆಲೆಯಿಲ್ಲ. ಚಾಕು ಕೆಲಸ ಮಾಡುವುದು ಕೊನೆಯ ಅರ್ಧ ಮಿಲಿಮೀಟರಿನಲ್ಲಿ. ಅಲ್ಲಿಗೆ ಆ ಮಿಷನ್ ಹೋಗುವುದೇ ಇಲ್ಲ. ಮೇಲಾಗಿ, ಅತಿಯಾಗಿ ಕಾಯಿಸಿದ ಉಕ್ಕಿನ ನಂಬರೂ ಸುಮಾರಾಗಿ ಸರಿಯಾದ ಉಕ್ಕಿನಷ್ಟೇ ಇರುತ್ತದೆ. ಕಣ ದಪ್ಪಗಾಗಿರುವುದನ್ನು ರಾಕ್‌ವೆಲ್ ಹೇಳುವುದಿಲ್ಲ. ಚಾಕು ಮಾರುವವರು "60 ಎಚ್‌ಆರ್‌ಸಿ" ಎಂದು ದೊಡ್ಡಕ್ಷರದಲ್ಲಿ ಬರೆದುಕೊಳ್ಳುವುದನ್ನು ನೋಡಿದಾಗ ನನಗೆ ಸುಮ್ನೆ ನಗು ಬರುತ್ತದೆ.

ಒಂದು ಚುಕ್ಕೆ, ಎರಡು ಚುಕ್ಕೆ

ಆಚಾರ್ರಿಗೆ ಒಂದು ಒಳ್ಳೆಯ ಅಭ್ಯಾಸ ಇದೆ. ಒಂದು ಸಲ ಹದ ಹಾಕಿದ, ಅಂದರೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ, ಗುಂಪಿಗೆ ಹಿಡಿಯೊಳಗೆ ಹೋಗುವ ಬಾಲದ ಮೇಲೆ ಒಂದು ಚುಕ್ಕೆ ಪಂಚ್ ಹೊಡೆಯುತ್ತಾರೆ, ಮುಂದಿನ ಗುಂಪಿಗೆ ಎರಡು. ಹಿಡಿ ಬಿಚ್ಚಿ ವಿಂಗಡಿಸಿದೆವು. ಒಂದು ಚುಕ್ಕೆಯವು 26, ಎರಡು ಚುಕ್ಕೆಯವು 14. ಹಲ್ಲು ಬಿದ್ದ ಹನ್ನೊಂದೂ ಎರಡು ಚುಕ್ಕೆಯವು. ಮಡಚಿದ ಒಂಬತ್ತು ಮಾತ್ರ ಎರಡರಲ್ಲೂ ಚದುರಿದ್ದವು: 7 ಮೊದಲ ಗುಂಪಿನವು, 2 ಎರಡನೆಯದರವು. ಎರಡು ಚುಕ್ಕೆಯಲ್ಲಿ ದೂರಿಲ್ಲದ್ದು ಒಂದೇ ಒಂದು ಉಳಿಯಿತು. ವಿಚಾರಿಸಿದರೆ ಅದನ್ನು ನರ್ಸರಿಯವರು ಇನ್ನೂ ಬಳಸಿರಲೇ ಇಲ್ಲ, ಹೆಚ್ಚುವರಿ ಅಂತ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮುರಿದೆವು. ಒಳಗೆ ಅದೇ ಹರಳು.

ಅಂದರೆ ಕಾಯಿಲೆ ಎರಡು. ಒಂದು ಎರಡನೆಯ ಗುಂಪಿನ ಬಿಸಿಯಲ್ಲಿ ಇದೆ. ಇನ್ನೊಂದು, ಯಾವ ಗುಂಪು ಎಂದು ನೋಡದೆ ಎರಡರಲ್ಲೂ ಬಂದಿದೆ.

ಎರಡನೆಯ ಗುಂಪಿಗೆ ಹದ ಹಾಕಿದ ದಿನ ಏನಾಗಿತ್ತು? ಕುಲುಮೆಯ ಶೀಟು ಗಾಳಿಗೆ ಹಾರಿ, ಹೊಸದು ಹಾಕಿಸುತ್ತಿದ್ದರು. ಕೆಲಸ ನಿಲ್ಲಿಸಲಾಗದೆ ಒಲೆಯನ್ನೂ ಬ್ಲೋವರನ್ನೂ ಅಂಗಳಕ್ಕೆ ತಂದಿಟ್ಟು, ಹಗಲು ಹೊತ್ತಿನಲ್ಲಿ ಬಯಲಲ್ಲೇ ಹದ ಹಾಕಿದ್ದರು. "ಇದ್ದಿಲು ಅದೇ, ಎಣ್ಣೆ ಅದೇ, ನಾನೂ ಅವನೇ ಸಾರ್" ಎಂದರು ಆಚಾರ್ರು. ಬೇರೆಯಾಗಿದ್ದು ಬೆಳಕು.

ಬಣ್ಣ ನೋಡಿ ಬಿಸಿ ಹೇಳುವ ಕೆಲಸಕ್ಕೆ ಕತ್ತಲೆ ಬೇಕು. 800 ಡಿಗ್ರಿಯ ಉಕ್ಕು ನೆರಳಿನಲ್ಲಿ ನಿಗಿನಿಗಿ ಕೆಂಪಾಗಿ ಕಾಣುತ್ತದೆ, ಅದೇ ತುಂಡು ಬಿಸಿಲಲ್ಲಿ ಕಾದೇ ಇಲ್ಲವೇನೋ ಎನ್ನುವಷ್ಟು ಮಂಕು. ಕಣ್ಣಿಗೆ ರೂಢಿಯಾದ ಕೆಂಪು ಬರಲಿ ಎಂದು ಕಾದರೆ, ಉಕ್ಕು ಆಗಲೇ ಮೇಲೆ ಹೋಗಿಬಿಟ್ಟಿರುತ್ತದೆ. ಹಳೆಯ ಕುಲುಮೆಗಳೆಲ್ಲ ತಗ್ಗು ಮಾಡಿನ ಕೆಳಗೆ, ಮಬ್ಬುಗತ್ತಲೆಯಲ್ಲಿ ಇರುವುದು ಬಡತನಕ್ಕಷ್ಟೇ ಅಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಆಚಾರ್ರು ಒಪ್ಪುವವರಲ್ಲ, ಒಪ್ಪಲೂಬಾರದು. ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್ ತಂದು, ಅದರ ತುದಿಯನ್ನು ಪಟ್ಟಿಯ ತುಂಡಿಗೆ ತಾಗುವ ಹಾಗೆ ತಂತಿಯಲ್ಲಿ ಬಿಗಿದೆವು. ಮೀಟರನ್ನು ಅವರ ಬೆನ್ನ ಹಿಂದೆ ಇಟ್ಟೆವು. ಮೊದಲು ಒಳಗೆ, ಹೊಸ ಶೀಟಿನ ಕೆಳಗೆ. ಆಚಾರ್ರು ಇಕ್ಕಳದಲ್ಲಿ ತುಂಡನ್ನು ಇದ್ದಿಲಿನೊಳಗೆ ಹಿಂದೆ ಮುಂದೆ ಆಡಿಸುತ್ತಾ, ತಲೆ ಸ್ವಲ್ಪ ವಾರೆ ಮಾಡಿ ನೋಡುತ್ತಾ, "ಈಗ" ಎಂದರು. ಮೀಟರಿನಲ್ಲಿ 812. ನನ್ನ ಫರ್ನೇಸಿಗಿಂತ ಏನೂ ಕಡಿಮೆ ಇಲ್ಲದ ಕಣ್ಣು. ಆಮೇಲೆ ಒಲೆ ಅಂಗಳಕ್ಕೆ ಬಂತು. ನೆತ್ತಿಯ ಮೇಲೆ ಸೂರ್ಯ. ಮತ್ತೆ ಅದೇ ಇಕ್ಕಳ, ಅದೇ ವಾರೆನೋಟ. 815 ದಾಟಿತು, 850 ದಾಟಿತು. ಮಗ ಬಾಯಿ ತೆರೆಯಹೋದ, ನಾನು ಕೈ ತೋರಿಸಿ ಸುಮ್ಮನಿರಿಸಿದೆ. ಆಚಾರ್ರು "ಈಗ" ಎಂದಾಗ ಮೀಟರು 900 ದಾಟಿತ್ತು. ತಿರುಗಿ ನೋಡಿದವರು ಇಕ್ಕಳ ಕೆಳಗಿಟ್ಟು, "ಸರಿ, ಬಯಲಲ್ಲಿ ಇನ್ನು ಮಾಡಲ್ಲ" ಎಂದರು. ಅಷ್ಟೇ.

ಹಾಗಾದರೆ ಇಷ್ಟು ವರ್ಷ ಸಂತೆ ದಿನ ಬಯಲಲ್ಲಿ ಕೂತು ಕುಡುಗೋಲಿಗೆ ಹದ ಹಾಕಿದಾಗ ಏಕೆ ಹೀಗಾಗಲಿಲ್ಲ ಎಂದು ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಲಾರಿ ಪಟ್ಟೆಯಲ್ಲಿ ಇಂಗಾಲ ಅರ್ಧ ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕುಡುಗೋಲಿನ ಬಾಯಿಯೂ ದಪ್ಪ, ಹದವೂ ಮೆತ್ತಗೆ ಇಳಿಸಿರುತ್ತಾರೆ. ಸ್ವಲ್ಪ ಹೆಚ್ಚು ಕಾದರೂ ರಾಗಿ ಕೊಯ್ಯುವಾಗ ಗೊತ್ತಾಗುವುದಿಲ್ಲ. ಕಸಿ ಚಾಕುವಿನದು ಬೇರೆ ಲೆಕ್ಕ. ಕಸಿ ಕಡ್ಡಿಯನ್ನು ಬೆಣೆಯ ಹಾಗೆ ಒಂದೇ ಎಳೆತಕ್ಕೆ ಸವರಬೇಕು. ಆ ಮುಖ ನೂಲು ಹಿಡಿದ ಹಾಗೆ ನೇರವಾಗಿದ್ದರೆ ಮಾತ್ರ ತೊಗಟೆಯ ಕೆಳಗಿನ ಹಸಿರು ಪದರ ಬೇರುಸಸಿಯ ಪದರಕ್ಕೆ ಅಂಟಿ ಕೂಡುತ್ತದೆ. ಬಾಯಲ್ಲಿ ಒಂದು ಸಣ್ಣ ಹಲ್ಲಿದ್ದರೂ ಕಡ್ಡಿಯ ಮೇಲೆ ಗೆರೆ ಏಳುತ್ತದೆ, ಅಲ್ಲಿ ಸಂದು ಉಳಿಯುತ್ತದೆ, ಕಸಿ ಒಣಗುತ್ತದೆ. ನರ್ಸರಿಯವರ ಸಿಟ್ಟು ಚಾಕುವಿನ ಬೆಲೆಗೆ ಅಲ್ಲ, ಒಣಗಿದ ಗಿಡಗಳಿಗೆ.

ಮಡಚಿದವು

ಎರಡನೆಯ ಕಾಯಿಲೆಗೆ ಬೇರೆ ಉಪಕರಣ ತೆಗೆದೆವು. ಗಡಸುತನ ನೋಡುವ ಅರಗಳ ಸೆಟ್ ಸಿಗುತ್ತದೆ, 40ರಿಂದ 65ರವರೆಗೆ ಐದೈದರ ಅಂತರದಲ್ಲಿ. ಯಾವ ಅರ ಕಚ್ಚುತ್ತದೆ, ಯಾವುದು ಜಾರುತ್ತದೆ ಎಂದು ನೋಡಿದರೆ ಅಂಚಿನಲ್ಲೂ ಅಂದಾಜು ಸಿಗುತ್ತದೆ. ಮಡಚಿದ 9ರಲ್ಲಿ 6 ಚಾಕುಗಳಲ್ಲಿ ಬುಡದ ಕಡೆ 60ರ ಅರವೂ ಜಾರಿತು, ತುದಿಯ ಬೆರಳಗಲದಲ್ಲಿ 55ರ ಅರ ಕರಕರ ಕಚ್ಚಿತು. ತುದಿ ಮಾತ್ರ ಮೆತ್ತಗೆ. ಇದು ಒಲೆಯ ಕೆಲಸ ಅಲ್ಲ, ಗ್ರೈಂಡರಿನ ಕೆಲಸ.

ಮಗನ ಗ್ರೈಂಡರಿನ ಮೋಟರು 2880 ಸುತ್ತಿನದು, ಬೆಲ್ಟ್ ಓಡಿಸುವ ಚಕ್ರ 100 ಮಿ.ಮೀ. ಲೆಕ್ಕ ಹಾಕಿದರೆ ಬೆಲ್ಟ್ ಸೆಕೆಂಡಿಗೆ 15 ಮೀಟರ್ ಓಡುತ್ತದೆ. ಹದ ಹಾಕುವ ಮುಂಚೆ ಉಕ್ಕು ಮೆತ್ತಗಿರುವಾಗ ಆ ವೇಗ ಚೆಂದ, ಬೇಗ ಬೇಗ ಕೆಲಸ ಸಾಗುತ್ತದೆ. ಹದ ಆದ ಮೇಲೆ ಅದೇ ವೇಗ, ಅದೂ ಸವೆದ 120 ನಂಬರ್ ಬೆಲ್ಟ್. ಬಟ್ಟೆ ಕಾಣುವವರೆಗೂ ಬೆಲ್ಟ್ ಬಿಸಾಡುವುದಿಲ್ಲ ಎಂಬುದು ಅವನ ಮನೆಯ ಕಾನೂನು. ಸವೆದ ಬೆಲ್ಟ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದ್ದೆಲ್ಲ ಬಿಸಿಯಾಗುತ್ತದೆ. ಚಾಕುವಿನ ತುದಿಯಲ್ಲಿ ಬಿಸಿಯನ್ನು ಎಳೆದುಕೊಳ್ಳಲು ಲೋಹವೇ ಇಲ್ಲ, ಮೇಲಾಗಿ ತುದಿಯ ಬಾಗನ್ನು ತಿರುಗಿಸುವಾಗ ಕೈ ಅಲ್ಲಿ ಒಂದು ಕ್ಷಣ ತಡೆಯುತ್ತದೆ.

ಅವನ ಸಮರ್ಥನೆ: "ಪ್ರತಿ ಸಲ ನೀರಲ್ಲಿ ಅದ್ದಿದ್ದೀನಿ ಸಾರ್, ಕೈಗೆ ಬಿಸಿ ತಾಗೋಕೆ ಬಿಟ್ಟಿಲ್ಲ." ನಿಜವೇ ಇರಬೇಕು. ಆದರೆ ಬಿಸಿ ಬೆರಳಿಗೆ ಬರುವ ಹೊತ್ತಿಗೆ ಅಂಚಿನಲ್ಲಿ ಆಗಬೇಕಾದ್ದು ಆಗಿ ಮುಗಿದಿರುತ್ತದೆ. ಉಕ್ಕಿನ ಮೇಲೆ ತೆಳು ಹುಲ್ಲುಬಣ್ಣ ಬಂತೆಂದರೆ ಅಲ್ಲಿ 200 ಡಿಗ್ರಿ ದಾಟಿದೆ ಎಂದರ್ಥ, ನೀಲಿ ಬಂದರೆ 300ರ ಹತ್ತಿರ. 200ಕ್ಕೆ ಹದ ಇಳಿಸಿದ ಚಾಕುವಿಗೆ ನೀಲಿ ಕಂಡರೆ ಆ ಜಾಗದ ಹದ ಹೋಯಿತು. ಮತ್ತೆ ನೀರಲ್ಲಿ ಅದ್ದಿದರೆ ವಾಪಸ್ ಬರುವುದಿಲ್ಲ. ಇದರಲ್ಲಿ ಕೆಟ್ಟದ್ದೆಂದರೆ ಕೊನೆಯ ನುಣುಪು ಬೆಲ್ಟ್ ಆ ಬಣ್ಣವನ್ನು ಅಳಿಸಿಬಿಡುತ್ತದೆ. ಬಣ್ಣ ಹೋಗುತ್ತದೆ, ಮೆತ್ತಗಾಗಿದ್ದು ಹೋಗಲ್ಲ. ಚಾಕು ಫಳಫಳ ಹೊಳೆಯುತ್ತಾ ಗಿರಾಕಿಯ ಕೈ ಸೇರುತ್ತದೆ.

ಉಳಿದ 3 ಚಾಕುಗಳು ತುದಿಯಲ್ಲಿ ಮಾತ್ರವಲ್ಲ, ಉದ್ದಕ್ಕೂ ಮಡಚಿದ್ದವು. ಅವು ಬೆಲ್ಟ್ ಉಳಿಸುವ ಆಸೆಗೆ ಹದಕ್ಕೆ ಮುಂಚೆಯೇ ತೀರಾ ತೆಳುವಾಗಿ ಉಜ್ಜಿದ್ದವು. ಬ್ಲೋವರಿನ ಗಾಳಿ ಜಾಸ್ತಿ ಇರುವ ಒಲೆಯಲ್ಲಿ ಕಾದ ಉಕ್ಕಿನ ಮೇಲ್ಪದರದಿಂದ ಇಂಗಾಲ ಸುಟ್ಟುಹೋಗುತ್ತದೆ. ದಪ್ಪ ತುಂಡಿಗೆ ಅದು ಚಿಂತೆಯಲ್ಲ, ಆಮೇಲೆ ಉಜ್ಜಿ ತೆಗೆಯಬಹುದು. ಬಾಯಿಯೇ ಕಾಗದದಂತಿದ್ದರೆ ಎರಡೂ ಕಡೆಯಿಂದ ತಿಂದು ನಡುವೆ ಗಟ್ಟಿ ಉಕ್ಕು ಏನೂ ಉಳಿಯುವುದಿಲ್ಲ.

ಸರಿಪಡಿಸಿದ್ದು

ತುದಿ ಮಡಚಿದವನ್ನು ಉಳಿಸುವುದು ಸುಲಭ. ಗಟ್ಟಿ ಉಕ್ಕು ಸಿಗುವವರೆಗೆ ತುದಿಯನ್ನು ಕಡಿಮೆ ಮಾಡಿದೆವು. ಚಾಕುಗಳು ಸ್ವಲ್ಪ ಗಿಡ್ಡ ಆದವು, ಕಸಿಗೆ ಅದರಿಂದ ನಷ್ಟವಿಲ್ಲ. ಆದರೆ ಅವುಗಳಲ್ಲಿ ಎರಡು ಚುಕ್ಕೆಯವನ್ನು ಹರಳಿನವುಗಳ ಜೊತೆಗೇ ಸೇರಿಸಿದೆವು. ಉದ್ದಕ್ಕೂ ಮಡಚಿದ ಮೂರಕ್ಕೆ ಮಸೆಗಲ್ಲಿನ ಮೇಲೆ ಬಾಯಿಯನ್ನು ಹಿಂದಕ್ಕೆ ತಂದೆವು.

ಹರಳು ಕಟ್ಟಿದವು ಸೀದಾ ಮತ್ತೊಮ್ಮೆ ಹದ ಹಾಕಿದರೆ ಸರಿಹೋಗುವುದಿಲ್ಲ. ಗಡಸಾದ ಉಕ್ಕನ್ನು ಹಾಗೇ ಮತ್ತೆ ಕಾಯಿಸಿ ಅದ್ದಿದರೆ ಬಿರುಕು ಬಿಡುವ ಭಯವೂ ಇದೆ. ಹಿಡಿ ಬಿಚ್ಚಿ, ಮೊದಲು 870 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟೆವು, ಆಮೇಲೆ 800ಕ್ಕೆ, ಆಮೇಲೆ 750ರ ಹತ್ತಿರಕ್ಕೆ. ಒಂದೊಂದು ಸಲ ಕಾದು ಆರುವಾಗಲೂ ಹಳೆಯ ಕಣಗಳು ಅಳಿದು ಸಣ್ಣವು ಹುಟ್ಟುತ್ತವೆ. ಈ ಉಕ್ಕು ತೆಳುವಾಗಿದ್ದರೆ ಗಾಳಿಗೂ ಒಂದಷ್ಟು ಗಡಸಾಗುತ್ತದೆ, ಹಾಗಾಗಿ ಅಂತಿಮ ಹದಕ್ಕೆ ಮುಂಚೆ ಅದನ್ನೂ ಮೆತ್ತಗೆ ಮಾಡಿಕೊಂಡೆವು. ಇಷ್ಟೆಲ್ಲ ಕಾಯಿಸಿದಾಗ ಹೊಪ್ಪಳೆ ಎದ್ದು ದಪ್ಪ ಕಡಿಮೆಯಾಗುತ್ತದೆ. ಕೆಲವು ಚಾಕುಗಳಲ್ಲಿ ಮತ್ತೆ ಉಜ್ಜಲು ಲೋಹವೇ ಉಳಿಯಲಿಲ್ಲ, ಅವನ್ನು ಗುಜರಿಗೆ ಹಾಕಿ ಹೊಸದು ಮಾಡಿದರು.

ಒಲೆಗೆ ಬಂದದ್ದು ಒಂದು ಕಬ್ಬಿಣದ ಪೈಪು. ಒಂದು ತುದಿ ಮುಚ್ಚಿ, ಇದ್ದಿಲಿನೊಳಗೆ ಮಲಗಿಸಿ, ಅದರೊಳಗೆ ಚಾಕು ಇಡುವುದು. ಪೈಪಿನೊಳಗೆ ಎರಡು ಚೂರು ಇದ್ದಿಲು ಹಾಕಿದರೆ ಗಾಳಿಯಲ್ಲಿರುವ ಆಮ್ಲಜನಕವನ್ನು ಅವೇ ತಿನ್ನುತ್ತವೆ, ಉಕ್ಕಿನ ಇಂಗಾಲ ಉಳಿಯುತ್ತದೆ. ಬಿಸಿ ಸಮನಾಗಿ ಹರಡುತ್ತದೆ. ಹೊರಗೆ ಎಷ್ಟೇ ಬೆಳಕಿರಲಿ ಒಳಗೆ ಕತ್ತಲೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಜಿಐ ಪೈಪು ಬೇಡವೇ ಬೇಡ. ಅದರ ಮೇಲಿನ ಸತು ಆವಿಯಾಗಿ ಉಸಿರಿಗೆ ಹೋದರೆ ಚಳಿಜ್ವರ ಬಂದು ಮಲಗಬೇಕಾಗುತ್ತದೆ.

ಥರ್ಮೋಕಪಲ್ ಯಾವಾಗಲೂ ಕೈಗೆ ಸಿಗುವುದಿಲ್ಲ. ಅದಿಲ್ಲದ ದಿನಕ್ಕೆ ಅಯಸ್ಕಾಂತ ಮತ್ತು ಅಡುಗೆ ಉಪ್ಪು. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಬಹಳ ಜನ ಅಷ್ಟಕ್ಕೇ ನಂಬಿ ಕೂರುತ್ತಾರೆ. ಅದು ಕೆಳಗಿನ ಗಡಿ ಮಾತ್ರ, ಮೇಲೆ ಎಷ್ಟು ಹೋಗಿದೆ ಎಂದು ಅಯಸ್ಕಾಂತ ಹೇಳದು, 780ಕ್ಕೂ 950ಕ್ಕೂ ಅದರ ಉತ್ತರ ಒಂದೇ. ಉಪ್ಪು 801 ಡಿಗ್ರಿಗೆ ಕರಗುತ್ತದೆ. ಪೈಪಿನೊಳಗೆ ಚಾಕುವಿಗೆ ತಾಗದ ಹಾಗೆ ಒಂದು ಸಣ್ಣ ಕಬ್ಬಿಣದ ಬಟ್ಟಲಲ್ಲಿ ಒಂದು ಚಿಟಿಕೆ ಇಟ್ಟರೆ, ಅದು ಕರಗಿ ನೀರಾದಾಗ ಈ ಉಕ್ಕಿಗೆ ಬೇಕಾದ ಬಿಸಿಯ ನಡುವೆ ಇದ್ದೇವೆ ಎಂದು ಗೊತ್ತಾಗುತ್ತದೆ. ಆಚಾರ್ರಿಗೆ ಈ ಉಪ್ಪಿನ ಉಪಾಯ ಮೀಟರಿಗಿಂತ ಜಾಸ್ತಿ ಹಿಡಿಸಿತು.

ಹದ ಇಳಿಸುವುದಕ್ಕೆ ಅವರ ಹತ್ತಿರ ಬೇಕರಿ ಕೆಲಸದ ಸಣ್ಣ ಓವನ್ ಇತ್ತು. ಒಂದೇ ಸಲ, ಒಂದು ಗಂಟೆ ಇಡುತ್ತಿದ್ದರು. ಅದನ್ನು 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಮಾಡಿದೆವು. ಓವನಿನ ಗುಂಡಿಯನ್ನು ನಂಬದೆ ಮರಳಿನ ತಟ್ಟೆಯೊಳಗೆ ಚಾಕು ಹೂತು ಇಟ್ಟರೆ ಬಿಸಿ ಏರಿಳಿಯುವುದಿಲ್ಲ. ಅದ್ದುವ ಎಣ್ಣೆ ಹಳೆಯ ಎಂಜಿನ್ ಆಯಿಲ್ ಆಗಿತ್ತು. ಆ ಹೊಗೆ ಯಾರಿಗೂ ಒಳ್ಳೆಯದಲ್ಲ. 50–60 ಡಿಗ್ರಿಗೆ ಬೆಚ್ಚಗೆ ಮಾಡಿದ ಕಡಲೆಕಾಯಿ ಎಣ್ಣೆ ಈ ತೆಳು ಚಾಕುಗಳಿಗೆ ಸಾಕಾಯಿತು.

ಗ್ರೈಂಡರಿಗೆ ಪುಲ್ಲಿ ಬದಲಿಸಿ ಹದದ ನಂತರದ ಕೆಲಸಕ್ಕೆ ವೇಗ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಸಿದರು. ಹದಕ್ಕೆ ಮುಂಚೆ ಬಾಯಲ್ಲಿ ಮುಕ್ಕಾಲು ಮಿಲಿಮೀಟರ್ ದಪ್ಪ ಉಳಿಸುವುದು, ಆಮೇಲೆ ಹೊಸ ಬೆಲ್ಟಿನಲ್ಲಿ ಇಳಿಸುವುದು, ಕೊನೆಯ ಬಾಯಿ ಬೆಲ್ಟಿನ ಹತ್ತಿರಕ್ಕೂ ಹೋಗದೆ ಮಸೆಗಲ್ಲಿನ ಮೇಲೆ ನೀರು ಹಾಕಿ ಕೈಯಲ್ಲೇ. ಸವೆದ ಬೆಲ್ಟುಗಳು ಈಗ ಹಿಡಿಯ ಮರ ಉಜ್ಜಲು ಹೋಗುತ್ತವೆ. ಕೊಡುವ ಮುಂಚೆ ಒಂದು ಪರೀಕ್ಷೆ: ಹಿತ್ತಾಳೆ ಕಡ್ಡಿಯ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯುವುದು. ಬೆಳಕಲ್ಲಿ ನೋಡಿದರೆ ಬಾಯಿ ಕಡ್ಡಿಯ ಮೇಲೆ ಸ್ವಲ್ಪ ಬಾಗುವುದು ಕಾಣುತ್ತದೆ. ಬಾಗಿ ವಾಪಸ್ ಬಂದರೆ ಸರಿ. ಬಾಗಿ ಹಾಗೇ ನಿಂತರೆ ಮೆತ್ತಗೆ, ಚೂರು ಹಾರಿದರೆ ಪೆಡಸು. ತುದಿಯಲ್ಲಿ ಬೇರೆಯಾಗಿ, ಬುಡದಲ್ಲಿ ಬೇರೆಯಾಗಿ ನೋಡಬೇಕು.

ಮಗನಿಗೆ ಈಗ ಎಚ್‌ಸಿಎಚ್‌ಸಿಆರ್, ಅಂದರೆ ಇಂಗಾಲವೂ ಕ್ರೋಮಿಯಂ ಕೂಡ ಜಾಸ್ತಿ ಇರುವ ಉಕ್ಕಿನ ಮೇಲೆ ಕಣ್ಣು. 12 ಶೇಕಡಾ ಕ್ರೋಮಿಯಂ ಇದೆ, ತುಕ್ಕು ಕಡಿಮೆ, ಬಾಯಿ ಬಹಳ ದಿನ ನಿಲ್ಲುತ್ತೆ ಎನ್ನುತ್ತಾನೆ. ಅದರ ಡಿ2 ಜಾತಿಗೆ 1010ರಿಂದ 1030 ಡಿಗ್ರಿ ಬೇಕು, ಅಷ್ಟು ಬಿಸಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಅಲುಗದೆ ನಿಲ್ಲಬೇಕು. ಇದ್ದಿಲ ಒಲೆಯಲ್ಲಿ ಅದು ಆಗುವ ಮಾತಲ್ಲ, ಹೊರಗೆ ಕೊಟ್ಟು ಮಾಡಿಸಬೇಕು. ಕಸಿ ಕೆಲಸಕ್ಕೆ ಅದರ ದಪ್ಪ ಕಾರ್ಬೈಡ್‌ಗಳೂ ಅನುಕೂಲವಲ್ಲ ಎಂದು ನನ್ನ ಅಭಿಪ್ರಾಯ. ಅಪ್ಪ ಮಗ ಇದರ ಬಗ್ಗೆ ಇನ್ನೂ ಜಗಳವಾಡುತ್ತಿದ್ದಾರೆ.

ನರ್ಸರಿಯವರು ಬದಲಿ ಚಾಕುಗಳನ್ನು ತೆಗೆದುಕೊಂಡು ಹೋಗುವಾಗ ಇನ್ನಷ್ಟು ಹೇಳಿಹೋಗಿದ್ದಾರೆ, ಅದರಲ್ಲಿ ಕೆಲವು ಎಡಗೈಯವರಿಗೆ. ಕಸಿ ಚಾಕುವಿಗೆ ಇಳಿಜಾರು ಒಂದೇ ಕಡೆ ಇರುವುದರಿಂದ ಅದ್ದಿದಾಗ ಅದು ಒಂದು ಪಕ್ಕಕ್ಕೆ ಬಾಗುತ್ತದೆ. ಆಚಾರ್ರು ಆ ಬಾಗನ್ನು ಎಣ್ಣೆಯಿಂದ ತೆಗೆದ ಕೂಡಲೇ, ಉಕ್ಕು ಪೂರ್ತಿ ಗಡಸಾಗುವ ಮುಂಚಿನ ಕೆಲವೇ ಸೆಕೆಂಡಿನಲ್ಲಿ, ಕೈಯಿಂದ ನೇರ ಮಾಡುತ್ತಾರೆ. ಎಡಗೈ ಚಾಕುವಿನಲ್ಲಿ ಅದು ಇನ್ನೊಂದು ಪಕ್ಕಕ್ಕೆ ಬಾಗುತ್ತದೆ. ಮೊದಲು ಹಳೆಯ ತುಂಡಿನಲ್ಲಿ ಎರಡು ಮಾಡಿ ನೋಡುತ್ತೇನೆ, ಆಮೇಲೆ ದಿನ ಹೇಳುತ್ತೇನೆ ಎಂದಿದ್ದಾರೆ.